ನೀಲಿ ಪುಡಿ ಅಯಸ್ಕಾಂತಕ್ಕೆ ಏಕೆ ಅಂಟಲಿಲ್ಲ?

ಪ್ರಶ್ನೆ: ಫೆರಿಕ್ ಕ್ಲೋರೈಡ್, ಪೊಟ್ಯಾಸಿಯಂ ಫೆರೋಸಯನೈಡ್ ಬೆರೆಸಿ ಲ್ಯಾಬಿನಲ್ಲಿ ಪ್ರಶ್ಯನ್ ಬ್ಲೂ ಮಾಡಿದೆವು. ಅದೂ ಅಯಸ್ಕಾಂತೀಯ ವಸ್ತು ಎಂದು ಓದಿದ್ದೆ. ಅಯಸ್ಕಾಂತ ಹಿಡಿದರೆ ಪುಡಿ ಅಲುಗಲೇ ಇಲ್ಲ. ಎಲ್ಲಿ ತಪ್ಪಿತು?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಲ್ಲೂ ತಪ್ಪಿಲ್ಲ. ಪ್ರಶ್ಯನ್ ಬ್ಲೂ ಅಯಸ್ಕಾಂತವಾಗುವುದು 5.6 ಕೆಲ್ವಿನ್‌ಗಿಂತ ಕೆಳಗೆ. ಅಷ್ಟು ತಣ್ಣಗಾಗಲು 77 ಕೆಲ್ವಿನ್‌ನ ದ್ರವ ಸಾರಜನಕವೂ ಸಾಲದು, ದ್ರವ ಹೀಲಿಯಂ ಬೇಕು.

ಇದರಲ್ಲಿ ಕಬ್ಬಿಣದ ಅಯಾನುಗಳನ್ನು ಸಯನೈಡ್ ಸೇತುವೆಗಳು ಜೋಡಿಸಿವೆ. ಸೇತುವೆಯ ಸಾರಜನಕದ ತುದಿಯಲ್ಲಿರುವ, ಮೂರು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣವಾದ ಫೆರಿಕ್‌ಗೆ ಐದು ಒಂಟಿ ಎಲೆಕ್ಟ್ರಾನುಗಳಿವೆ. ಇಂಗಾಲದ ತುದಿಯ, ಎರಡು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣವಾದ ಫೆರಸ್‌ನಲ್ಲಿ ಎಲ್ಲವೂ ಜೋಡಿಯಾಗಿವೆ, ಅದಕ್ಕೆ ಸ್ಪಿನ್ನೇ (ಒಂಟಿ ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣ) ಇಲ್ಲ. ನೆಟ್ಟಗೆ ಹೋದರೆ ಒಂದು ಫೆರಿಕ್‌ನಿಂದ ಇನ್ನೊಂದಕ್ಕೆ ಸುಮಾರು 1 ನ್ಯಾನೊಮೀಟರ್ ದೂರ, ನಡುವೆ ಈ ಸ್ಪಿನ್ನಿಲ್ಲದ ಫೆರಸ್. ಹೀಗಾಗಿ ನಂಟು ತೀರಾ ದುರ್ಬಲ. ಸ್ವಲ್ಪ ಶಾಖಕ್ಕೇ ಸ್ಪಿನ್‌ಗಳ ಸಾಲು ಕೆಡುತ್ತದೆ.

ಮತ್ತೆ ಮಾಡುವುದಾದರೆ 1.08 ಗ್ರಾಂ ಫೆರಿಕ್ ಕ್ಲೋರೈಡ್ (ಆರು ನೀರಿನ ಅಣುಗಳಿರುವುದು), 1.27 ಗ್ರಾಂ ಫೆರೋಸಯನೈಡ್ (ಮೂರು ನೀರಿನ ಅಣುಗಳಿರುವುದು) ತೂಗಿ. ಇದು 4:3 ಮೋಲ್ ಅನುಪಾತ. ಎರಡನ್ನೂ ಬೇರೆಬೇರೆಯಾಗಿ 50 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಫೆರಿಕ್ ದ್ರಾವಣವನ್ನು ಕಲಕುತ್ತಾ ಅದಕ್ಕೆ ಫೆರೋಸಯನೈಡನ್ನು ನಿಧಾನವಾಗಿ ಸೇರಿಸಿ. ಕ್ರಮ ತಿರುಗಿಸಿದರೆ ಕಣಗಳು ಕೊಲಾಯ್ಡ್ ಆಗಿ, ಅಂದರೆ ತಳಕ್ಕಿಳಿಯದಷ್ಟು ಸಣ್ಣದಾಗಿ ತೇಲುತ್ತಾ, ಫಿಲ್ಟರ್ ಪೇಪರಿನಿಂದ ನೀಲಿ ನೀರೇ ಇಳಿಯಬಹುದು. ಆಗ ಸೆಂಟ್ರಿಫ್ಯೂಜ್ ಬಳಸಿ. ಕ್ಷಾರ ತಾಗಿದರೆ ನೀಲಿ ಕೆಟ್ಟು ಕಂದು ಹೈಡ್ರಾಕ್ಸೈಡ್ ಉಳಿಯುತ್ತದೆ. ನೆರಳಲ್ಲೇ ಒಣಗಿಸಿ. ಬಿಸಿಗಾಳಿಯಲ್ಲಿ ಸುಟ್ಟರೆ ಕಬ್ಬಿಣದ ಆಕ್ಸೈಡ್ ಆಗಿ ಅಯಸ್ಕಾಂತಕ್ಕೆ ಅಂಟಬಹುದು. ಅದನ್ನು ಪ್ರಶ್ಯನ್ ಬ್ಲೂನ ಗುಣವೆಂದು ದಯವಿಟ್ಟು ರೆಕಾರ್ಡ್‌ನಲ್ಲಿ ಬರೆಯಬೇಡಿ. ಫೆರೋಸಯನೈಡಿಗಾಗಲಿ ಈ ಪುಡಿಗಾಗಲಿ ಪ್ರಬಲ ಆಮ್ಲ ಹಾಕಿ ಕಾಯಿಸಲೇಬೇಡಿ: ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಹೊರಡುತ್ತದೆ.

ಪ್ರಶ್ನೆ: ಹಾಗಾದರೆ ಕೋಣೆಯ ಉಷ್ಣತೆಯಲ್ಲಿ ಅಂಟುವಂಥದ್ದು ಸಾಧ್ಯವೇ ಇಲ್ಲವೇ?

ಉತ್ತರ: ಇದೆ. ಕಬ್ಬಿಣದ ಬದಲು ಸೇತುವೆಯ ಎರಡೂ ತುದಿಗೆ ಸ್ಪಿನ್ ಇರುವ ಲೋಹ ಬೇಕು. 1995ರಲ್ಲಿ ಮಿಶೆಲ್ ವೆರ್ದಾಗೆರ್ ಅವರ ಫ್ರೆಂಚ್ ತಂಡ ಕ್ರೋಮಿಯಂ ಮತ್ತು ವೆನೇಡಿಯಂ ಇಟ್ಟು 315 ಕೆಲ್ವಿನ್, ಅಂದರೆ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಅಯಸ್ಕಾಂತವಾಗಿರುವ ವಸ್ತುವನ್ನು ಪ್ರಕಟಿಸಿತು. ಎಷ್ಟು ಸೊಗಸಾದ ವಿನ್ಯಾಸ! ಆದರೆ ಎರಡು ಲೋಹಗಳ ಸ್ಪಿನ್‌ಗಳು ವಿರುದ್ಧ ದಿಕ್ಕಿನಲ್ಲಿ ನಿಂತು ಬಹುಪಾಲು ಪರಸ್ಪರ ರದ್ದಾಗುವುದರಿಂದ ಸೆಳೆತ ಕಡಿಮೆ. ಇದರಲ್ಲಿರುವ ದ್ವಿವೇಲೆನ್ಸಿಯ (ಎರಡು ಎಲೆಕ್ಟ್ರಾನು ಕಳೆದುಕೊಂಡ) ವೆನೇಡಿಯಂ ಗಾಳಿ ತಾಗಿದೊಡನೆ ಆಕ್ಸಿಡೀಕರಣಗೊಳ್ಳುತ್ತದೆ. ದ್ರಾವಣ ಬೆರೆಸುವುದರಿಂದ ಹಿಡಿದು ಗಾಜಿನಲ್ಲಿ ಮುಚ್ಚುವವರೆಗೆ ಎಲ್ಲವೂ ಯಾವುದರೊಂದಿಗೂ ವರ್ತಿಸದ ಅನಿಲವಾದ ಆರ್ಗಾನ್‌ನಲ್ಲೇ ನಡೆಯಬೇಕು. ಆ ವ್ಯವಸ್ಥೆ ಇಲ್ಲದ ಲ್ಯಾಬಿನಲ್ಲಿ ಕೈ ಹಾಕಬೇಡಿ.