ಸಂಪಾದಕರ ಉತ್ತರ: ಅಂಕಿಯ ಗುಣ, ಸಂಖ್ಯೆಯ ಗುಣ

ಮಾನ್ಯರೇ,

ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ 6174ರ ಬಗ್ಗೆ ನಾವು ಪ್ರಕಟಿಸಿದ ಟಿಪ್ಪಣಿಯನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಒಮ್ಮೆ, ಏರಿಕೆಯ ಕ್ರಮದಲ್ಲಿ ಒಮ್ಮೆ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ಉತ್ತರಕ್ಕೂ ಹೀಗೆಯೇ ಮಾಡುತ್ತ ಹೋದರೆ ಕೊನೆಗೆ 6174 ಬರುತ್ತದೆ ಎಂದು ನಾವು ಬರೆದಿದ್ದೆವು. ತಾವೂ ತಮ್ಮ ಮಗಳೂ 2111ರಿಂದ ಆರಂಭಿಸಿ 2111 − 1112 = 999 ಎಂದೂ, ಅಲ್ಲಿಂದ ಮುಂದೆ 999 − 999 = 0 ಎಂದೂ ಪಡೆದು, ಟಿಪ್ಪಣಿ ತಪ್ಪು ಎಂದು ತೀರ್ಮಾನಿಸಿದ್ದೀರಿ. ಜೊತೆಗೆ ಇನ್ನೂ ಎರಡು ಮಾತುಗಳನ್ನು ಕೇಳಿದ್ದೀರಿ: ಎಲ್ಲ ಸಂಖ್ಯೆಗಳನ್ನೂ ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂಬುದು ಒಂದು, ಮನುಷ್ಯನಿಗೆ ಹತ್ತು ಬೆರಳುಗಳಿರುವ ಕಾರಣಕ್ಕಷ್ಟೇ ಹುಟ್ಟಿಕೊಂಡ ಇಂಥ ಅಂಕಿಯಾಟಕ್ಕೆ ಗಣಿತದ ಹೆಸರನ್ನೇಕೆ ಕೊಡಬೇಕು ಎಂಬುದು ಇನ್ನೊಂದು. ಮೂರನೆಯ ಪ್ರಶ್ನೆ ತಮ್ಮ ಮಗಳದು; ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

2111ರ ವಿಷಯದಲ್ಲಿ ತಪ್ಪು ನಮ್ಮದು, ತಮ್ಮದಲ್ಲ. ಉತ್ತರದಲ್ಲಿ ಮೂರೇ ಅಂಕಿ ಉಳಿದಾಗ ಅದರ ಮುಂದೆ ಸೊನ್ನೆಯನ್ನು ಬರೆದು ನಾಲ್ಕು ಸ್ಥಾನಗಳನ್ನು ಕಾಯ್ದುಕೊಳ್ಳಬೇಕು ಎಂಬ ನಿಯಮವನ್ನು ನಾವು ಅಚ್ಚಿನಲ್ಲಿ ಬಿಟ್ಟುಬಿಟ್ಟಿದ್ದೆವು. 999 ಅನ್ನು 0999 ಎಂದು ಬರೆದುಕೊಂಡರೆ ಲೆಕ್ಕ ಹೀಗೆ ಸಾಗುತ್ತದೆ: 9990 − 0999 = 8991; 9981 − 1899 = 8082; 8820 − 0288 = 8532; 8532 − 2358 = 6174. ಆ ಬಳಿಕ 7641 − 1467 ಮತ್ತೆ 6174 ಅನ್ನೇ ಕೊಡುತ್ತದೆ. ಈ ಸೊನ್ನೆಗೆ ಬೆಲೆಯಿಲ್ಲದಿದ್ದರೂ ಸ್ಥಾನವಿದೆ. ಅದನ್ನು ಬಿಟ್ಟರೆ ನಾಲ್ಕಂಕಿಯ ಲೆಕ್ಕ ನಮಗೆ ಅರಿವಿಲ್ಲದೆಯೇ ಮೂರಂಕಿಯ ಲೆಕ್ಕವಾಗಿಬಿಡುತ್ತದೆ. ಮೂರಂಕಿಯ ಸಂಖ್ಯೆಗಳ ನೆಲೆ ಬೇರೆ, ಅದು 495.

ಎಲ್ಲವನ್ನೂ ಪರೀಕ್ಷಿಸಿದ್ದಾರೆಯೇ ಎಂಬ ಪ್ರಶ್ನೆಗೆ, ಪರೀಕ್ಷಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ಉತ್ತರ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಅದೇ. ಸೊನ್ನೆಯಿಂದ ಆರಂಭವಾಗುವವುಗಳನ್ನೂ ಸೇರಿಸಿಕೊಂಡರೆ ನಾಲ್ಕು ಸ್ಥಾನಗಳ ಸಂಖ್ಯೆಗಳು ಒಟ್ಟು 10,000. ಅವುಗಳಲ್ಲಿ 0000, 1111 ಮುಂತಾದ ಹತ್ತನ್ನು ಬಿಟ್ಟರೆ ಉಳಿಯುವುದು 9,990. ಇವುಗಳಲ್ಲಿ ಯಾವುದನ್ನೇ ಆಗಲಿ ಇಳಿಕೆಯ ಕ್ರಮದಲ್ಲಿ ಜೋಡಿಸಿದ ಮೇಲೆ ಮೊದಲ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸವನ್ನು 'ಹೊರ ಅಂತರ' ಎಂದೂ, ನಡುವಿನ ಎರಡು ಅಂಕಿಗಳ ವ್ಯತ್ಯಾಸವನ್ನು 'ಒಳ ಅಂತರ' ಎಂದೂ ಕರೆಯೋಣ. ಕಳೆಯುವಾಗ ಸಾವಿರದ ಸ್ಥಾನದಲ್ಲಿ ಹೊರ ಅಂತರ ಎಷ್ಟು ಉಳಿಯುತ್ತದೆಯೋ ಬಿಡಿಯ ಸ್ಥಾನದಲ್ಲಿ ಅಷ್ಟೇ ಕೊರತೆ ಬೀಳುತ್ತದೆ. ನೂರರ ಮತ್ತು ಹತ್ತರ ಸ್ಥಾನಗಳಲ್ಲಿ ಒಳ ಅಂತರದ ಪಾಡೂ ಇದೇ. ಆದ್ದರಿಂದ ಉತ್ತರವು ಯಾವಾಗಲೂ ಹೊರ ಅಂತರದ 999 ಪಟ್ಟು ಮತ್ತು ಒಳ ಅಂತರದ 90 ಪಟ್ಟು ಸೇರಿದ ಮೊತ್ತವಾಗಿರುತ್ತದೆ. 7641ರಲ್ಲಿ ಹೊರ ಅಂತರ 6, ಒಳ ಅಂತರ 2. 5994ಕ್ಕೆ 180 ಸೇರಿಸಿದರೆ 6174.

ಇದರ ಅರ್ಥವೇನೆಂದು ಗಮನಿಸಿ. ಉತ್ತರವನ್ನು ನಿರ್ಧರಿಸುವುದು ನಾಲ್ಕು ಅಂಕಿಗಳಲ್ಲ, ಎರಡು ಅಂತರಗಳು ಮಾತ್ರ. ಹೊರ ಅಂತರ 1ರಿಂದ 9ರವರೆಗೆ ಇರಬಹುದು. ಒಳ ಅಂತರ ಸೊನ್ನೆಯಿಂದ ಹಿಡಿದು ಹೊರ ಅಂತರದಷ್ಟರವರೆಗೆ ಇರಬಹುದು, ಅದನ್ನು ಮೀರಲಾರದು. ಎಣಿಸಿದರೆ ಇಂಥ ಜೋಡಿಗಳು 54 ಮಾತ್ರ. ಅಂದರೆ 9,990 ಸಂಖ್ಯೆಗಳು ಒಂದೇ ಹೆಜ್ಜೆಯಲ್ಲಿ 54 ಉತ್ತರಗಳಿಗೆ ಇಳಿದುಬಿಡುತ್ತವೆ. ಮುಂದಿನ ಹೆಜ್ಜೆಗೆ ಅಂಕಿಗಳ ಕ್ರಮ ಮುಖ್ಯವಲ್ಲವಾದ್ದರಿಂದ 6174 ಮತ್ತು 4176ರಂಥವು ಒಂದೇ ಲೆಕ್ಕಕ್ಕೆ ಸೇರುತ್ತವೆ. ಹಾಗೆ ಗುಂಪು ಮಾಡಿದಾಗ 54ರಲ್ಲಿ ನಿಜವಾಗಿ ಬೇರೆ ಬೇರೆಯಾಗಿ ಉಳಿಯುವುದು 30. ಈ 30 ಪ್ರಕರಣಗಳನ್ನು ಒಂದು ಹಾಳೆಯ ಮೇಲೆ ಬರೆದು, ಯಾವುದರಿಂದ ಯಾವುದಕ್ಕೆ ಹೋಗುತ್ತದೆಂದು ಬಾಣ ಎಳೆದರೆ, ಎಲ್ಲ ಬಾಣಗಳೂ 6174ಕ್ಕೆ ಬಂದು ಸೇರುವುದು ಕಣ್ಣಿಗೇ ಕಾಣುತ್ತದೆ. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ. ಹೈಸ್ಕೂಲು ವಿದ್ಯಾರ್ಥಿಯೊಬ್ಬರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಈ ಕೆಲಸ ಪರೀಕ್ಷೆಯಲ್ಲ, ಪೂರ್ಣ ಪುರಾವೆ. ಹತ್ತು ಸಂಖ್ಯೆಗಳಲ್ಲಿ ಸರಿಬಂದಿತೆಂದು ಹನ್ನೊಂದನೆಯದರಲ್ಲಿಯೂ ಬರುತ್ತದೆಂದು ನಂಬುವುದಕ್ಕೂ ಇದಕ್ಕೂ ಇರುವ ದೂರ ಬಹಳ.

ಇನ್ನು ತಮ್ಮ ಮುಖ್ಯ ಆಕ್ಷೇಪ. ತಾವು ಹೇಳಿದ್ದರಲ್ಲಿ ಅರ್ಧ ಸಂಪೂರ್ಣ ಸರಿ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 6174ರ ಗುಣ ಆ ಸಂಖ್ಯೆಗೆ ಸೇರಿದ್ದಕ್ಕಿಂತ ಹೆಚ್ಚಾಗಿ ನಾವು ಅದನ್ನು ಹತ್ತರ ಗುಂಪುಗಳಲ್ಲಿ ಬರೆಯುವ ಪದ್ಧತಿಗೆ ಸೇರಿದ್ದು. ಐದೈದರ ಗುಂಪುಗಳಲ್ಲಿ ಎಣಿಸುವ ಜನರಿದ್ದರೆ, ಅವರ ಬರವಣಿಗೆಯಲ್ಲಿ ಇದೇ ಕ್ರಿಯೆಗೆ ತನ್ನನ್ನೇ ಮರಳಿ ಕೊಡುವ ಸಂಖ್ಯೆಯೊಂದು 3032 ಎಂದು ಕಾಣಿಸಿಕೊಳ್ಳುತ್ತದೆ. ನಮ್ಮ ಬರವಣಿಗೆಯಲ್ಲಿ ಅದರ ಬೆಲೆ 392, ಮತ್ತು 392 ಎಂಬ ರೂಪದಲ್ಲಿ ಅದಕ್ಕೆ ಈ ಗುಣವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 28 ತನ್ನನ್ನು ಬಿಟ್ಟು ಉಳಿದ ಭಾಜಕಗಳ, ಅಂದರೆ 1, 2, 4, 7, 14ರ ಮೊತ್ತಕ್ಕೆ ಸಮ ಎಂಬುದು ಯಾವ ಲಿಪಿಯಲ್ಲಿ ಬರೆದರೂ, ಬರೆಯದೆ ಹುಣಸೆ ಬೀಜಗಳನ್ನು ಜೋಡಿಸಿ ನೋಡಿದರೂ ನಿಜ. ರಾಮಾನುಜನ್ ಅವರಿಂದಾಗಿ ಪ್ರಸಿದ್ಧವಾದ 1729ರಲ್ಲಿ ಎರಡೂ ಬಗೆಯ ಗುಣಗಳು ಅಕ್ಕಪಕ್ಕದಲ್ಲಿವೆ. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು: 1ರ ಮತ್ತು 12ರ ಘನಗಳು, 9ರ ಮತ್ತು 10ರ ಘನಗಳು. ಇದು ಸಂಖ್ಯೆಯ ಗುಣ. ಅದರ ಅಂಕಿಗಳ ಮೊತ್ತ 19, ಅದನ್ನು ತಿರುಗಿಸಿ ಬರೆದರೆ 91, ಇವೆರಡರ ಗುಣಲಬ್ಧ ಮತ್ತೆ 1729 ಎಂಬುದು ಅಂಕಿಯ ಗುಣ.

ತಮ್ಮ ಮಾತಿನ ಉಳಿದರ್ಧವನ್ನು, ಅಂದರೆ ಅಂಕಿಯ ಗುಣವಾದ್ದರಿಂದ ಅದು ಹೊರಮೈಯ ಆಟವೆಂಬುದನ್ನು, ನಾನು ಒಪ್ಪಲಾರೆ. ಕಾರಣವನ್ನು 45ರ ಮೂಲಕ ಹೇಳುತ್ತೇನೆ. 45ರ ವರ್ಗ 2025; ಅದನ್ನು ನಡುವೆ ಸೀಳಿ 20 ಮತ್ತು 25 ಅನ್ನು ಕೂಡಿದರೆ ಮತ್ತೆ 45. 55ರ ವರ್ಗ 3025. 30 ಮತ್ತು 25 ಸೇರಿ 55. 99ರ ವರ್ಗ 9801. 98 ಮತ್ತು 01 ಸೇರಿ 99. ಮೇಲುನೋಟಕ್ಕೆ ಇದಕ್ಕಿಂತ ಬರಿಯ ಅಂಕಿಯಾಟ ಇನ್ನೊಂದಿಲ್ಲ. ಆದರೆ 2025 ಎಂದರೆ 20 ನೂರುಗಳು ಮತ್ತು 25. ಅದರಿಂದ 20 + 25 ಅನ್ನು, ಅಂದರೆ 45 ಅನ್ನು ಕಳೆದರೆ ಉಳಿಯುವುದು 20 ತೊಂಬತ್ತೊಂಬತ್ತುಗಳು. ವರ್ಗದಿಂದ ಅದೇ ಸಂಖ್ಯೆಯನ್ನು ಕಳೆಯುವುದೆಂದರೆ 45 ಅನ್ನು 44ರಿಂದ ಗುಣಿಸಿದಂತೆ. ಹೀಗಾಗಿ ಈ ಆಟದ ಹಿಂದಿರುವ ನಿಜವಾದ ಪ್ರಶ್ನೆ, ಅಕ್ಕಪಕ್ಕದ ಯಾವ ಎರಡು ಸಂಖ್ಯೆಗಳ ಗುಣಲಬ್ಧವನ್ನು 99 ಶೇಷವಿಲ್ಲದೆ ಭಾಗಿಸುತ್ತದೆ ಎಂಬುದು.

99 ಎಂದರೆ 9 ಗುಣಿಸು 11. ಅಕ್ಕಪಕ್ಕದ ಸಂಖ್ಯೆಗಳಿಗೆ 1ನ್ನು ಬಿಟ್ಟರೆ ಸಾಮಾನ್ಯ ಭಾಜಕವಿಲ್ಲ. ಆದ್ದರಿಂದ 9 ಇಡಿಯಾಗಿ ಎರಡರಲ್ಲಿ ಒಂದಕ್ಕೆ ಸೇರಬೇಕು, 11 ಕೂಡ ಇಡಿಯಾಗಿ ಒಂದಕ್ಕೆ ಸೇರಬೇಕು. 45ರಲ್ಲಿ 9 ಇದೆ, 44ರಲ್ಲಿ 11 ಇದೆ. 55ರಲ್ಲಿ 11 ಇದೆ, 54ರಲ್ಲಿ 9 ಇದೆ. 99ರಲ್ಲಿ ಎರಡೂ ಇವೆ. 1 ಅನ್ನು ಬದಿಗಿಟ್ಟರೆ ನೂರರೊಳಗೆ ಈ ಹಂಚಿಕೆಗೆ ಬೇರೆ ದಾರಿಯಿಲ್ಲ, ಹಾಗಾಗಿ ವರ್ಗದ ಬಲತುದಿಯ ಎರಡು ಅಂಕಿಗಳನ್ನು ಬೇರ್ಪಡಿಸಿ ಕೂಡುವ ಈ ಗುಣ ಮತ್ತಾವ ಸಂಖ್ಯೆಗೂ ಇಲ್ಲ. ಮೂರು ಅಂಕಿಗಳಿಗೆ ಬಂದರೆ 99ರ ಸ್ಥಾನದಲ್ಲಿ 999 ಬರುತ್ತದೆ, ಅದು 27 ಗುಣಿಸು 37. ಆಗ 297 ಸಿಗುತ್ತದೆ: ಅದರಲ್ಲಿ 27 ಇದೆ, ಪಕ್ಕದ 296ರಲ್ಲಿ 37 ಇದೆ, 297ರ ವರ್ಗ 88209, 88 ಮತ್ತು 209 ಸೇರಿ 297. ಅದರ ಜೋಡಿ 703, ವರ್ಗ 494209. 45 ಮತ್ತು 55 ಸೇರಿ 100 ಆಗುವಂತೆ 297 ಮತ್ತು 703 ಸೇರಿ 1000 ಆಗುವುದೂ ಆಕಸ್ಮಿಕವಲ್ಲ. ಅಂಕಿಗಳ ಬಾಗಿಲಿನಿಂದ ಒಳಹೊಕ್ಕ ನಾವು ಈಗ ನಿಂತಿರುವುದು ಭಾಜ್ಯತೆಯ ಮನೆಯಲ್ಲಿ, ಮತ್ತು ಆ ಮನೆ ಹತ್ತು ಬೆರಳುಗಳನ್ನು ನಂಬಿಕೊಂಡಿಲ್ಲ.

6174 ಮತ್ತು 45 ಎರಡರ ಹಿಂದೆಯೂ ಇರುವವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಮಹಾರಾಷ್ಟ್ರದ ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. 6174ರ ಗುಣವನ್ನು ಅವರು ಕಂಡುಕೊಂಡದ್ದು 1949ರಲ್ಲಿ. ಸ್ನಾತಕೋತ್ತರ ಪದವಿಯಿಲ್ಲದ ಅವರ ಕೆಲಸವನ್ನು, ತಮ್ಮ ಪತ್ರದಲ್ಲಿರುವಂಥದೇ ಕಾರಣ ನೀಡಿ, ಅಂದಿನ ಹಲವು ಗಣಿತಜ್ಞರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅವರು ತಮ್ಮ ಫಲಿತಾಂಶಗಳನ್ನು ಎಷ್ಟೋ ಸಲ ಸ್ವಂತ ಖರ್ಚಿನ ಕಿರುಹೊತ್ತಿಗೆಗಳಲ್ಲಿ ಅಚ್ಚುಹಾಕಿಸಬೇಕಾಯಿತು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದ ಮೇಲೆ ಹೊರಜಗತ್ತು ಅವರ ಹೆಸರನ್ನು ತಿಳಿಯಿತು. 1986ರಲ್ಲಿ ತೀರಿಕೊಂಡ ಅವರು ಒಂದು ಬಗೆಯ ಸಂಖ್ಯೆಗಳಿಗೆ ತಮ್ಮ ಊರಿನ ಹೆಸರನ್ನೇ ಇಟ್ಟಿದ್ದರು. 21ಕ್ಕೆ ಅದರ ಅಂಕಿಗಳಾದ 2 ಮತ್ತು 1 ಅನ್ನು ಸೇರಿಸಿದರೆ 24 ಹುಟ್ಟುತ್ತದೆ. 20 ಹೀಗೆ ಯಾವ ಸಂಖ್ಯೆಯಿಂದಲೂ ಹುಟ್ಟುವುದಿಲ್ಲ. ಅಂಥ ಸ್ವಯಂಭೂ ಸಂಖ್ಯೆಗಳು ದೇವಳಾಲಿ ಸಂಖ್ಯೆಗಳು.

ಈ ಕುತೂಹಲ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದು, ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿಯೇ ಆ ಅರಸನನ್ನು ಸ್ತುತಿಸಿರುವ ಮಹಾವೀರಾಚಾರ್ಯನು ಗುಣಾಕಾರದ ಲೆಕ್ಕಗಳನ್ನು ಕೊಡುವಾಗ, ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಉತ್ತರಗಳನ್ನು ಬೇಕೆಂದೇ ಆರಿಸಿ, ಅವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 139 ಅನ್ನು 109ರಿಂದ ಗುಣಿಸಿದರೆ 15151. 27994681 ಅನ್ನು 441ರಿಂದ ಗುಣಿಸಿದರೆ 12345654321. ಈ ಎರಡನೆಯದನ್ನು ಬಿಡಿಸಿ ನೋಡಿ: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, ಮತ್ತು 21 ಗುಣಿಸು 5291 ಎಂದರೆ 111111. ಹಾರದ ಚೆಲುವು ಹತ್ತರ ಬರವಣಿಗೆಯದು. ಅದನ್ನು ಕಟ್ಟಿದ ದಾರ ಮಾತ್ರ 111111ರ ಭಾಜಕಗಳದು, ಅದು ಬರವಣಿಗೆಗೆ ಸೇರಿದ್ದಲ್ಲ.

ಆದ್ದರಿಂದ ಮಕ್ಕಳ ಪುಟದಲ್ಲಿ ಇಂಥವುಗಳನ್ನು ಮುಂದೆಯೂ ಪ್ರಕಟಿಸುತ್ತೇವೆ. ಆದರೆ 'ಹೀಗಾಗುತ್ತದೆ' ಎಂದು ಹೇಳಿ ನಿಲ್ಲಿಸದೆ 'ಹೀಗೇಕೆ ಆಗುತ್ತದೆ' ಎಂಬುದಕ್ಕೂ ಸ್ಥಳ ಕೊಡುತ್ತೇವೆ. 6174ರ ಟಿಪ್ಪಣಿಯಲ್ಲಿ ಅದಿರಲಿಲ್ಲ, ಅದಿದ್ದಿದ್ದರೆ ಸೊನ್ನೆಯೂ ಬಿಟ್ಟುಹೋಗುತ್ತಿರಲಿಲ್ಲ. ತಿದ್ದುಪಡಿಯನ್ನು ಈ ಸಂಚಿಕೆಯ ಮಕ್ಕಳ ಪುಟದಲ್ಲಿಯೇ ಹಾಕಿದ್ದೇವೆ.

ಇನ್ನು ತಮ್ಮ ಮಗಳ ಪ್ರಶ್ನೆ. ಐದಂಕಿಯ ಸಂಖ್ಯೆಗಳಲ್ಲಿ ಇದೇ ಕ್ರಿಯೆ ಮಾಡಿದಾಗ ತಾನು ಎಲ್ಲಿಯೂ ನಿಲ್ಲದೆ ಸುತ್ತುತ್ತಿರುವೆನೆಂದೂ, ಒಮ್ಮೆ 53955ರಿಂದ 59994ಕ್ಕೆ ಹೋಗಿ ಮರಳಿ ಅಲ್ಲಿಗೇ ಬಂದೆನೆಂದೂ, ಇನ್ನೊಮ್ಮೆ 61974, 82962, 75933, 63954 ಎಂದು ನಾಲ್ಕು ಮನೆಗಳನ್ನು ಸುತ್ತಿ ಹೊರಟಲ್ಲಿಗೇ ತಲುಪಿದೆನೆಂದೂ, ತನ್ನ ಕಳೆಯುವ ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೆಂದೂ ಅವಳು ಕೇಳಿದ್ದಾಳೆ. ಎಲ್ಲಿಯೂ ತಪ್ಪಿಲ್ಲ ಎಂದು ದಯವಿಟ್ಟು ಅವಳಿಗೆ ತಿಳಿಸಿ. ಐದಂಕಿಯಲ್ಲಿ 6174ರಂಥ ನೆಲೆಯೇ ಇಲ್ಲ, ಇರುವುದು ವರ್ತುಲಗಳು ಮಾತ್ರ. ಎಲ್ಲ ಸೇರಿ ಅವು ಮೂರು. ಅವುಗಳಲ್ಲಿ ಎರಡನ್ನು ಅವಳು ಯಾರ ನೆರವೂ ಇಲ್ಲದೆ ಕಂಡುಹಿಡಿದಿದ್ದಾಳೆ. ಮೂರನೆಯದರಲ್ಲಿಯೂ ನಾಲ್ಕು ಮನೆಗಳಿವೆ, ಅವುಗಳಲ್ಲಿ ಒಂದು 62964. ಉಳಿದ ಮೂರನ್ನು ಅವಳೇ ಬರೆದು ಕಳುಹಿಸಲಿ.

ಸಂಪಾದಕ