ದೋಹಾದಲ್ಲಿ ಕನಿಷ್ಠ ವೇತನದ ಕೆಲಸ: ಉಡುಪಿಯ ಯುವಕರೊಬ್ಬರಿಗೆ ಉತ್ತರ

ಮಂಗಳೂರಿನಲ್ಲಿ ಐಟಿಐ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದ ನಿಮಗೆ ಕತಾರಿನ ದೋಹಾದಲ್ಲಿ ಹೆಲ್ಪರ್ ಕೆಲಸ ಸಿಕ್ಕಿದೆ, 1000 ರಿಯಾಲ್ ಮೂಲವೇತನದ ಜೊತೆ ಊಟ, ವಸತಿ ಕೊಡುತ್ತಾರೆ, ಬರಬಹುದೇ ಎಂದು ಕೇಳಿದ್ದೀರಿ. ಬನ್ನಿ. ಆದರೆ ಆ ಸಂಬಳದಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದನ್ನು ಊರಿನಲ್ಲಿಯೇ ನಿರ್ಧರಿಸಿಕೊಂಡು ಬನ್ನಿ.

1000 ರಿಯಾಲ್ ಎಂಬುದು 2021ರ ಮಾರ್ಚ್‌ನಿಂದ ಕತಾರಿನಲ್ಲಿ ಎಲ್ಲ ದೇಶದವರಿಗೂ ಜಾರಿಯಲ್ಲಿರುವ ಕನಿಷ್ಠ ವೇತನ. ಕಂಪನಿ ಊಟ, ವಸತಿ ಒದಗಿಸದಿದ್ದರೆ ಅವುಗಳಿಗೆ ಕ್ರಮವಾಗಿ 300 ಮತ್ತು 500 ರಿಯಾಲ್ ಸೇರಿಸಿ ಕೊಡಬೇಕು. ಓವರ್‌ಟೈಮ್ ಹಣವನ್ನೂ, ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿಯನ್ನೂ ಮೂಲವೇತನದ ಮೇಲೆಯೇ ಲೆಕ್ಕ ಹಾಕುವುದರಿಂದ ಅದು ಕಡಿಮೆಯಿದ್ದರೆ ಉಳಿದೆಲ್ಲವೂ ಕಡಿಮೆಯೇ.

ನಮ್ಮ ಕರಾವಳಿಯ ಅನೇಕರನ್ನು ಇಲ್ಲಿ ಹತ್ತಿರದಿಂದ ಕಂಡಿದ್ದೇನೆ. ಮೊದಲೆರಡು ವರ್ಷ ಸಾಲ ತೀರುತ್ತಿರುತ್ತದೆ, ಹುರುಪೂ ಇರುತ್ತದೆ. ಆಮೇಲೆ, ಆರು ವರ್ಷ ದುಡಿದ ತನಗೂ ನಿನ್ನೆ ವಿಮಾನ ಇಳಿದು ಬಂದ ಹುಡುಗನಿಗೂ ಒಂದೇ ಸಂಬಳ ಎಂಬುದು ಮನಸ್ಸಿಗೆ ನಾಟಿದ ದಿನದಿಂದ, ವೈರಿಂಗ್ ಅಚ್ಚುಕಟ್ಟಾಗಿರಬೇಕೆಂದು ಹಟ ಹಿಡಿಯುತ್ತಿದ್ದ ಮನುಷ್ಯನೇ ಹೇಳಿದಷ್ಟು ಮಾಡಿದರೆ ಸಾಕು ಎನ್ನತೊಡಗುತ್ತಾನೆ. ಶುಕ್ರವಾರದ ರಜೆಯಲ್ಲಿ ಡ್ರೈವಿಂಗ್ ಕಲಿಯುವ, ಬೇರೆ ಕೆಲಸ ಹುಡುಕುವ ಮಾತು ನಿಂತುಹೋಗುತ್ತದೆ. ಇದನ್ನು ಸೋಮಾರಿತನವೆಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಹೆಚ್ಚು ದುಡಿದರೂ ಏನೂ ಬದಲಾಗುವುದಿಲ್ಲವೆಂದು ವರ್ಷಗಟ್ಟಲೆ ಕಂಡವನಿಗೆ ಆಸೆಪಡುವುದೇ ಆಯಾಸವಾಗಿಬಿಡುತ್ತದೆ.

ಹೇಳಲು ಹೊಸದೇನೂ ಇಲ್ಲದೆ ಮನೆಗೆ ಮಾಡುವ ಫೋನ್ ಕರೆಗಳೂ ಚಿಕ್ಕದಾಗುತ್ತವೆ. ಊರಿನ ದೈವದ ನೇಮಕ್ಕೆ, ತಂಗಿಯ ಮಗುವಿನ ನಾಮಕರಣಕ್ಕೆ ರಜೆ ಸಿಗಲಿಲ್ಲ ಎನ್ನುತ್ತಾರೆ. ಎಷ್ಟೋ ಸಲ ರಜೆ ಸಿಕ್ಕಿರುತ್ತದೆ, ಗಲ್ಫಿನಿಂದ ಬಂದವನು ಎಂಬ ನಿರೀಕ್ಷೆಗೆ ತಕ್ಕಂತೆ ಖರ್ಚು ಮಾಡಲಾಗದ ಸಂಕೋಚ ಅವರನ್ನು ಇಲ್ಲಿಯೇ ಕಟ್ಟಿಹಾಕಿರುತ್ತದೆ. ಸಂಬಳ ಕಡಿಮೆಯೆಂಬುದಕ್ಕಿಂತ ಈ ಸಂಕೋಚವೇ ನನಗೆ ಹೆಚ್ಚು ನೋವು ಕೊಟ್ಟಿದೆ.

2020ರ ಕಾನೂನು ತಿದ್ದುಪಡಿಯ ನಂತರ ಇಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕರ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕಾಗಿಲ್ಲ. ಮೊದಲ ಎರಡು ವರ್ಷಗಳೊಳಗಾದರೆ ಒಂದು ತಿಂಗಳ, ಆಮೇಲಾದರೆ ಎರಡು ತಿಂಗಳ ನೋಟಿಸ್ ಕೊಡಬೇಕು. ಆದ್ದರಿಂದ ಐಟಿಐ ಪ್ರಮಾಣಪತ್ರದ ಅಟೆಸ್ಟೇಷನ್ (ಅಧಿಕೃತ ದೃಢೀಕರಣ) ಮುಗಿಸಿಕೊಂಡೇ ಹೊರಡಿ, ಎರಡನೆಯ ವರ್ಷದಲ್ಲಿಯೇ ಎಲೆಕ್ಟ್ರಿಷಿಯನ್ ಹುದ್ದೆ ಹುಡುಕಲು ಆರಂಭಿಸಿ. ಹಾಗೆಯೇ ನಿಮ್ಮ ಸಂಬಳ ಎಷ್ಟೆಂಬುದನ್ನು ಮನೆಯವರಿಗೆ ಈಗಲೇ ಸರಿಯಾಗಿ ತಿಳಿಸಿ. ಅದನ್ನು ನಂಬಿ ಅವರು ದೊಡ್ಡ ಸಾಲಕ್ಕೆ ಕೈಹಾಕುವ ಮೊದಲು.