ಗಲ್ಲಿಯ ಚಾಪೆಲ್‌ನಿಂದ ಊರಿನ ಇಗರ್ಜಿಯವರೆಗೆ

ಪ್ರಶ್ನೆ: ನಮ್ಮ ಅಜ್ಜ ಉಡುಪಿ ಸಮೀಪದ ಕಲ್ಯಾಣಪುರದವರು. 1920ರ ದಶಕದಲ್ಲಿ ಮುಂಬಯಿಗೆ ಬಂದು, ಮಜಗಾಂವ್‌ನಲ್ಲಿ ಕೋಣೆ ಹಿಡಿದು, ಗೋದಿಯಲ್ಲಿ (ಹಡಗುಕಟ್ಟೆಯಲ್ಲಿ) ಕೆಲಸಕ್ಕಿದ್ದರು. ಅವರ ಮದುವೆಯೂ ನಮ್ಮ ತಂದೆಯವರ ದೀಕ್ಷಾಸ್ನಾನವೂ ಆ ಗಲ್ಲಿಯ ಕೊನೆಯಲ್ಲಿರುವ ಸಣ್ಣ ಚಾಪೆಲ್‌ನಲ್ಲಿಯೇ ನಡೆದವೆಂದು ದಿವಂಗತರಾದ ನಮ್ಮ ಸೋದರತ್ತೆ ಹೇಳುತ್ತಿದ್ದರು. ಚಾಪೆಲ್ ಈಗಲೂ ಇದೆ. ಆದರೆ ಅದರ ಬೀಗದ ಕೈ ಇಟ್ಟುಕೊಂಡಿರುವ ಮನೆಯವರು ತಮ್ಮಲ್ಲಿ ಯಾವ ರಿಜಿಸ್ಟರೂ ಇಲ್ಲ, ಎಂದೂ ಇರಲಿಲ್ಲ ಎನ್ನುತ್ತಾರೆ. ಹಾಗಾದರೆ ದಾಖಲೆಗಳು ನಾಶವಾದವೆಂದು ತಿಳಿಯಬೇಕೆ? ಗೋವಾದಿಂದ ಬಂದ ನಮ್ಮ ಮೂಲದವರೆಗೂ ಹುಡುಕಿಕೊಂಡು ಹೋಗಲು ಸಾಧ್ಯವೆ?
— ಓದುಗರೊಬ್ಬರು, ಭಾಯಂದರ್

ಉತ್ತರ: ಬೀಗದ ಕೈ ಇಟ್ಟುಕೊಂಡಿರುವವರು ನಿಜವನ್ನೇ ಹೇಳಿದ್ದಾರೆ, ಮತ್ತು ಆ ಮಾತಿನಿಂದ ನೀವು ನಿರಾಶರಾಗಬೇಕಾದ ಕಾರಣವಿಲ್ಲ. ಮಜಗಾಂವ್‌ನ ಮಾಥಾರಪಾಖಾಡಿ, ಗಿರಗಾಂವ್‌ನ ಖೋತಾಚಿವಾಡಿ, ಬಾಂದ್ರಾದ ರಣವಾರ್ ಮುಂತಾದ ಹಳೆಯ ಕೇರಿಗಳಲ್ಲಿ ಕಾಣುವ ಶಿಲುಬೆಗಳೂ ಸಣ್ಣ ಪ್ರಾರ್ಥನಾಲಯಗಳೂ ಬಹುಮಟ್ಟಿಗೆ ಅಲ್ಲಿನ ನಿವಾಸಿಗಳೇ ಕಟ್ಟಿಕೊಂಡು, ತಾವೇ ನೋಡಿಕೊಳ್ಳುತ್ತ ಬಂದಂಥವು. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಗರವನ್ನೆಲ್ಲ ವ್ಯಾಪಿಸಿದಾಗ ಹರಕೆ ಹೊತ್ತು ನಿಲ್ಲಿಸಿದ ಶಿಲುಬೆಗಳೂ ಅವುಗಳಲ್ಲಿ ಸಾಕಷ್ಟಿವೆ. ಅಲ್ಲಿ ಸಂಜೆಯ ಜಪಸರ, ಲದಿನ್ ಎಂಬ ಸಾಮೂಹಿಕ ಪ್ರಾರ್ಥನೆ, ಮೇ ತಿಂಗಳ ಶಿಲುಬೆಯ ಹಬ್ಬ ನಡೆಯುತ್ತವೆ. ಆದರೆ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡುವ ಹೊಣೆ ಎಂದಿಗೂ ಆ ಪ್ರದೇಶದ ಧರ್ಮಕೇಂದ್ರದ್ದು, ಅಂದರೆ ವಿಚಾರಣಾ ಗುರುಗಳಿರುವ ದೊಡ್ಡ ಇಗರ್ಜಿಯದು. ವಿಶೇಷ ಅನುಮತಿಯಿಂದ ಚಾಪೆಲ್‌ನಲ್ಲಿ ಮದುವೆ ನಡೆದಿದ್ದರೂ ಅದನ್ನು ದಾಖಲಿಸಿರುವುದು ಧರ್ಮಕೇಂದ್ರದ ಪುಸ್ತಕದಲ್ಲಿಯೇ. ಆದುದರಿಂದ ಆ ವರ್ಷ ಚಾಪೆಲ್ ಯಾವ ಧರ್ಮಕೇಂದ್ರಕ್ಕೆ ಸೇರಿತ್ತು, ನಿಮ್ಮ ಅಜ್ಜ ಯಾವ ಧರ್ಮಕೇಂದ್ರಕ್ಕೆ ಸೇರಿದ್ದರು ಎಂಬ ಎರಡು ಪ್ರಶ್ನೆಗಳನ್ನು ನೀವು ಕೇಳಿಕೊಳ್ಳಬೇಕು.

ಎರಡೂ ಒಂದೇ ಪ್ರಶ್ನೆಯಲ್ಲವೆ ಎಂದು ನಿಮಗೆ ಅನ್ನಿಸಬಹುದು. ಮುಂಬಯಿಯಲ್ಲಿ 1928ರವರೆಗೆ ಅವು ಒಂದೇ ಆಗಿರಲಿಲ್ಲ, ಮತ್ತು ಈ ನಗರದಲ್ಲಿ ವಂಶಮೂಲ ಹುಡುಕುವವರು ಬರಿಗೈಯಲ್ಲಿ ಹಿಂತಿರುಗುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1661ರ ವಿವಾಹ ಒಪ್ಪಂದದಂತೆ ಮುಂಬಯಿ ಇಂಗ್ಲೆಂಡಿನ ದೊರೆಗೆ ಸೇರಿದರೂ ಇಲ್ಲಿನ ಕಥೋಲಿಕರ ಮೇಲಿನ ಧಾರ್ಮಿಕ ಅಧಿಕಾರ ಪೋರ್ಚುಗೀಸ್ ಗುರುಗಳಲ್ಲಿಯೇ ಉಳಿದಿತ್ತು. 1720ರಲ್ಲಿ ಕಂಪನಿ ಸರ್ಕಾರ ಅವರನ್ನು ಹೊರಗೆ ಕಳಿಸಿ ರೋಮಿನ ಅಧೀನದ ಕಾರ್ಮೆಲ್ ಸಭೆಯ ಗುರುಗಳನ್ನು ಕರೆಸಿತು. ಮುಂದೆ ಎರಡು ಪಕ್ಷದವರೂ ಹಕ್ಕು ಸಾಧಿಸತೊಡಗಿದ್ದರಿಂದ 1794ರಲ್ಲಿ ಇಗರ್ಜಿಗಳನ್ನೇ ಪಾಲು ಮಾಡಲಾಯಿತು. ಮಜಗಾಂವ್‌ನ ಗ್ಲೋರಿಯಾ ಮತ್ತು ದಾದರ್‌ನ ಸಾಲ್ವಸಾಂವ್ ಗೋವಾದ ಆರ್ಚ್‌ಬಿಷಪ್ಪರ ಅಧೀನದ ಪದ್ರುವಾದೊ ಪಕ್ಷಕ್ಕೆ ಬಂದವು. ಎಸ್ಪೆರಾನ್ಸಾ ಮತ್ತು ಮಾಹಿಮ್‌ನ ಸೇಂಟ್ ಮೈಕೆಲ್ ನೇರವಾಗಿ ರೋಮಿನ ಅಧೀನದ ಪ್ರೊಪಗಾಂಡಾ ಪಕ್ಷಕ್ಕೆ ಹೋದವು. ಈ ವೈಮನಸ್ಸು ಎಷ್ಟು ತೀವ್ರವಾಗಿತ್ತೆಂದರೆ, 1853ರಲ್ಲಿ ಮಾಹಿಮ್‌ನ ಇಗರ್ಜಿಯನ್ನು ಬಿಟ್ಟುಕೊಡಲೊಲ್ಲದೆ ಪ್ರೊಪಗಾಂಡಾ ಪಕ್ಷದ ಬಿಷಪ್ ಹಾರ್ಟ್‌ಮನ್ ಅವರು ಅದರೊಳಗೇ ಬಾಗಿಲು ಹಾಕಿಕೊಂಡು ಕುಳಿತಿದ್ದರು, ಕಡೆಗೆ ಸರ್ಕಾರ ಅದನ್ನು ಎದುರು ಪಕ್ಷದವರಿಗೆ ಕೊಡಿಸಿತು. ರೋಮಿಗೂ ಪೋರ್ಚುಗಲ್ಲಿಗೂ ಆದ 1886ರ ಒಪ್ಪಂದದಲ್ಲಿ ಪದ್ರುವಾದೊ ಇಗರ್ಜಿಗಳು ದಮನ್ ಧರ್ಮಪ್ರಾಂತ್ಯಕ್ಕೆ (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶಕ್ಕೆ) ಸೇರಿದವು, ಪ್ರೊಪಗಾಂಡಾ ಇಗರ್ಜಿಗಳು ಮುಂಬಯಿಯ ಆರ್ಚ್‌ಬಿಷಪ್ಪರ ಕೆಳಗೆ ಬಂದವು. 1928ರಲ್ಲಷ್ಟೆ ನಗರದ ಎಲ್ಲ ಧರ್ಮಕೇಂದ್ರಗಳೂ ಮುಂಬಯಿಯ ಒಬ್ಬರೇ ಆರ್ಚ್‌ಬಿಷಪ್ಪರ ಕೆಳಗೆ ಬಂದವು.

ನಿಮ್ಮ ಅಜ್ಜನ ವಿಷಯಕ್ಕೆ ಇದರಿಂದ ಆಗುವ ಪರಿಣಾಮವಿಷ್ಟು. ಮಜಗಾಂವ್‌ನಲ್ಲಿ ಗ್ಲೋರಿಯಾ ಅಲ್ಲದೆ ರೋಸರಿ, ಸೇಂಟ್ ಆ್ಯನ್ ಎಂಬ ಇಗರ್ಜಿಗಳೂ ನಡೆದುಹೋಗುವಷ್ಟು ದೂರದಲ್ಲಿವೆ. 1928ಕ್ಕೆ ಮೊದಲು ಒಂದು ಕುಟುಂಬ ಯಾವ ಇಗರ್ಜಿಗೆ ಸೇರಿತ್ತೆಂಬುದನ್ನು ವಾಸದ ಗಲ್ಲಿಯೊಂದರಿಂದಲೇ ಹೇಳಲಾಗದು, ಹುಟ್ಟೂರಿನ ಧರ್ಮಪ್ರಾಂತ್ಯವೂ ಲೆಕ್ಕಕ್ಕೆ ಬರುತ್ತಿತ್ತು. ಮಂಗಳೂರು 1878ರ ಕೊನೆಯಲ್ಲಿ ಇಟಲಿಯ ಯೇಸುಸಭೆಯವರ ಕೈಗೆ ಬಂದು, 1886ರಿಂದ ಸ್ವತಂತ್ರ ಧರ್ಮಪ್ರಾಂತ್ಯವಾಗಿದ್ದುದರಿಂದ ಅಲ್ಲಿಂದ ಬಂದವರು ಮುಂಬಯಿಯ ಆರ್ಚ್‌ಬಿಷಪ್ಪರ ಇಗರ್ಜಿಗೆ ಸೇರಿಕೊಂಡಿರುವ ಸಂಭವ ಹೆಚ್ಚು; ಆದರೂ ಗೋವಾದ ನೆರೆಯವರ ಒಡನಾಟದಲ್ಲಿ ಗ್ಲೋರಿಯಾಕ್ಕೆ ಹೋಗುತ್ತಿದ್ದಿರಲಾರರು ಎಂದು ಹೇಳುವಂತಿಲ್ಲ. ಮೂರೂ ಕಡೆ ವಿಚಾರಿಸಿರಿ. ಗ್ಲೋರಿಯಾದ ಬಗೆಗೆ ಇನ್ನೊಂದು ಮಾತು ನೆನಪಿರಲಿ: 1632ರಲ್ಲಿ ಕಟ್ಟಿದ ಮೂಲ ಇಗರ್ಜಿ ಮಜಗಾಂವ್‌ನಲ್ಲಿತ್ತು, 1911ರಲ್ಲಿ ಅದನ್ನು ಕೆಡವಿ, 1913ರ ಹೊತ್ತಿಗೆ ಬೈಕಲಾದಲ್ಲಿ ಈಗಿನದನ್ನು ಕಟ್ಟಲಾಯಿತು. ಹಳೆಯ ಕಾಗದಗಳಲ್ಲಿ ‘ಮಜಗಾಂವ್‌ನ ಗ್ಲೋರಿಯಾ’ ಎಂದಿದ್ದರೆ ಅದು ಬೇರೊಂದು ಇಗರ್ಜಿಯೆಂದು ಭಾವಿಸಬೇಡಿರಿ.

ಇನ್ನು ಮದುವೆ ಮುಂಬಯಿಯಲ್ಲಿಯೇ ನಡೆಯಿತೆಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಿಕೊಳ್ಳುವುದು ಒಳ್ಳೆಯದು. ಆ ಕಾಲದಲ್ಲಿ ಮುಂಬಯಿಯಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ತರುಣರು ರಜೆ ಹಾಕಿ ಊರಿಗೆ ಹೋಗಿ, ಹೆಣ್ಣಿನ ಊರಿನ ಇಗರ್ಜಿಯಲ್ಲಿ ಮದುವೆಯಾಗಿ ಬರುವುದು ಸಾಮಾನ್ಯವಾಗಿತ್ತು. ಚಾಪೆಲ್‌ನಲ್ಲಿ ನಡೆದದ್ದು ರೋಸ್‌ನ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರದ) ಸಂಜೆಯ ಪ್ರಾರ್ಥನೆಯಾಗಿರಬಹುದು, ನವದಂಪತಿಗಳನ್ನು ಗಲ್ಲಿಯವರು ಎದುರುಗೊಂಡ ಲದಿನ್ ಆಗಿರಬಹುದು. ಅತ್ತೆಯವರ ಮಾತನ್ನು ಸುಳ್ಳೆಂದು ತಳ್ಳಿಹಾಕುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮುಂಬಯಿಯಲ್ಲಿ ಸಿಗದ ದಾಖಲೆ ಊರಿನಲ್ಲಿ ಇರಬಹುದೆಂಬುದಕ್ಕಾಗಿ ಹೇಳುತ್ತಿದ್ದೇನೆ.

ಅದೃಷ್ಟವಶಾತ್, ಎರಡೂ ಕಡೆಗಳನ್ನು ಜೋಡಿಸುವ ಒಂದು ನಿಯಮ ಕಥೋಲಿಕ ಸಭೆಯಲ್ಲಿದೆ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆಜ್ಞೆಯ ಪ್ರಕಾರ, ಮದುವೆ ಎಲ್ಲಿಯೇ ನಡೆಯಲಿ, ಅದನ್ನು ನಡೆಸಿದ ಧರ್ಮಕೇಂದ್ರದವರು ವಧೂವರರಿಗೆ ದೀಕ್ಷಾಸ್ನಾನವಾದ ಇಗರ್ಜಿಗೆ ತಿಳಿಸಬೇಕು, ಅಲ್ಲಿನವರು ದೀಕ್ಷಾಸ್ನಾನದ ಪುಸ್ತಕದಲ್ಲಿ ಆ ಹೆಸರಿನ ಪಕ್ಕದ ಅಂಚಿನಲ್ಲಿ ಅದನ್ನು ಬರೆದುಕೊಳ್ಳಬೇಕು. ಆದುದರಿಂದ ನೀವು ಮಜಗಾಂವ್‌ನಲ್ಲಿ ವರ್ಷ ಗೊತ್ತಿಲ್ಲದ ಮದುವೆಯೊಂದಕ್ಕಾಗಿ ಪುಟಪುಟ ತಿರುವಿಸುವುದಕ್ಕಿಂತ, ಕಲ್ಯಾಣಪುರದಲ್ಲಿ ಅಜ್ಜನ ದೀಕ್ಷಾಸ್ನಾನದ ನಮೂದನ್ನು ಮೊದಲು ಹುಡುಕಿಸುವುದು ಜಾಣತನ. ಅಂಚಿನ ಟಿಪ್ಪಣಿಯನ್ನು ಬರೆದಿದ್ದರೆ ಮದುವೆಯ ದಿನವೂ ಸ್ಥಳವೂ ಒಟ್ಟಿಗೇ ಸಿಗುತ್ತವೆ. ಎಲ್ಲ ಗುರುಗಳೂ ಒಂದೇ ಶ್ರದ್ಧೆಯಿಂದ ಬರೆದಿರಲಾರರು, ಕೆಲವು ಅಂಚುಗಳು ಖಾಲಿಯಾಗಿಯೇ ಇರುತ್ತವೆ. ಪ್ರತಿ ಕೇಳುವಾಗ ಕೇವಲ ‘ಸರ್ಟಿಫಿಕೇಟ್’ ಎಂದು ಕೇಳಿದರೆ ಹೆಸರು, ತಾರೀಕುಗಳನ್ನು ತುಂಬಿದ ಒಂದು ನಮೂನೆ ಮಾತ್ರ ಕೈಗೆ ಬರುತ್ತದೆ. ಅಂಚಿನ ಬರಹ, ಜ್ಞಾನಪಿತ ಮತ್ತು ಜ್ಞಾನಮಾತೆಯರ (ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ) ಹೆಸರು, ತಂದೆತಾಯಿಗಳ ವಾಡೆ (ಧರ್ಮಕೇಂದ್ರದೊಳಗಿನ ವಿಭಾಗ) ಇವೆಲ್ಲವನ್ನೂ ಒಳಗೊಂಡ ಪೂರ್ಣ ನಕಲು ಬೇಕೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಜ್ಞಾನಪಿತರ ಹೆಸರನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದೇ ಧರ್ಮಕೇಂದ್ರದಲ್ಲಿ ಡಿಸೋಜಾ, ಲೂವಿಸ್ ಎಂಬ ಕುಲನಾಮದವರು ಅನೇಕರಿರುವಾಗ ಹೆಸರಿನಿಂದ ಮಾತ್ರ ಕುಟುಂಬವನ್ನು ಗುರುತಿಸಲಾಗದು. ಜ್ಞಾನಪಿತರಾಗಿ ನಿಲ್ಲುತ್ತಿದ್ದವರು ಸಾಮಾನ್ಯವಾಗಿ ಅಜ್ಜ, ಅಜ್ಜಿ, ಸೋದರಮಾವ, ಅತ್ತೆಯಂಥವರಾದುದರಿಂದ, ಒಂದೇ ದಂಪತಿಗಳ ನಾಲ್ಕು ಮಕ್ಕಳ ನಮೂದುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಿಂದಿನ ತಲೆಮಾರು ತಾನಾಗಿ ಕಾಣಿಸಿಕೊಳ್ಳುತ್ತದೆ. ಭಾಷೆಗೆ ಹೆದರಬೇಕಾಗಿಲ್ಲ. ಪದ್ರುವಾದೊ ಇಗರ್ಜಿಗಳಲ್ಲಿ ಪೋರ್ಚುಗೀಸ್, ಉಳಿದೆಡೆ ಹೆಚ್ಚಾಗಿ ಲ್ಯಾಟಿನ್ ಬಳಕೆಯಲ್ಲಿದ್ದರೂ ವಾಕ್ಯಗಳ ಅಚ್ಚು ಒಂದೇ ಆಗಿರುತ್ತದೆ. ಮನೆಯಲ್ಲಿ ಬಾಸ್ತ್ಯಾಂವ್, ಇನಾಸ್, ಪೆದ್ರು ಎಂದು ಕರೆಯುತ್ತಿದ್ದವರು ಅಲ್ಲಿ ಸೆಬಾಸ್ತಿಯಾನುಸ್, ಇಗ್ನಾತಿಯುಸ್, ಪೆತ್ರುಸ್ ಆಗಿರುತ್ತಾರೆಂಬುದನ್ನು ತಿಳಿದಿದ್ದರೆ ಸಾಕು. ಕಲ್ಯಾಣಪುರಕ್ಕೆ ಹೋದಾಗ ಕಚೇರಿಯಲ್ಲಿ ವಿಚಾರಿಸಿ ಮುಗಿಸದೆ, ನಿಮ್ಮ ವಾಡೆಯ ಮುಖ್ಯಸ್ಥರಾದ ಗುರಿಕಾರರನ್ನೂ ಕಾಣಿರಿ. ಯಾವ ಮನೆಯವರು ಯಾವ ವರ್ಷ ಮುಂಬಯಿಗೆ ಹೋದರೆಂಬುದು ಪುಸ್ತಕಕ್ಕಿಂತ ಅವರ ಬಾಯಲ್ಲಿ ಬೇಗ ಸಿಗುತ್ತದೆ.

ಸರ್ಕಾರಿ ದಾಖಲೆಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. 1872ರ ಕ್ರೈಸ್ತ ವಿವಾಹ ಕಾಯಿದೆಯಂತೆ ಇಗರ್ಜಿಗಳಲ್ಲಿ ನಡೆದ ಮದುವೆಗಳ ವಿವರ ಸರ್ಕಾರಕ್ಕೂ ಹೋಗಬೇಕಾಗಿತ್ತು. ತಂದೆಯವರ ಜನನದ ನಮೂದು ಮುಂಬಯಿ ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ದೊರೆಯಬಹುದು. ಆದರೆ ಆ ಕಾಲದ ಜನನ ನೋಂದಣಿಯಲ್ಲಿ ಮಗುವಿನ ಹೆಸರಿಲ್ಲದೆ ತಂದೆಯ ಹೆಸರೂ ವಿಳಾಸವೂ ಮಾತ್ರ ಇರುವುದುಂಟು. ಅಜ್ಜ ಮುಂಬಯಿಯಲ್ಲಿಯೇ ತೀರಿಕೊಂಡಿದ್ದರೆ ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಸಮಾಧಿಕಲ್ಲನ್ನು ಹುಡುಕುತ್ತ ಬಿಸಿಲಿನಲ್ಲಿ ಅಲೆಯಬೇಡಿರಿ. ಸ್ಥಳಾಭಾವದಿಂದ ಅಲ್ಲಿನ ಸಾಮಾನ್ಯ ಗುಂಡಿಗಳನ್ನು ಕೆಲಕಾಲದ ಮೇಲೆ ಮತ್ತೆ ಬಳಸುತ್ತಾರೆ. ಕಚೇರಿಯ ಸಮಾಧಿ ರಿಜಿಸ್ಟರನ್ನೇ ನೋಡಬೇಕು.

ಹಾಗೆಂದು ಚಾಪೆಲ್ ಬರಿದೆಂದು ತಿಳಿಯುವಂತಿಲ್ಲ. ಗೋಡೆಯ ಕಲ್ಲುಗಳ ಮೇಲಿನ ದಾನಿಗಳ ಹೆಸರು, ಹಬ್ಬದ ವರ್ಗಣಿಯ ಪಟ್ಟಿ, ಹಳೆಯ ಜಮಾಖರ್ಚಿನ ಪುಸ್ತಕ, ಮೇ ತಿಂಗಳ ಹಬ್ಬದ ಗುಂಪುಚಿತ್ರಗಳು ಯಾವ ಇಗರ್ಜಿಯ ರಿಜಿಸ್ಟರಿನಲ್ಲೂ ಇಲ್ಲದ ಸಂಗತಿಯನ್ನು ಹೇಳುತ್ತವೆ: ನಿಮ್ಮ ಅಜ್ಜ ಆ ಗಲ್ಲಿಯಲ್ಲಿ ಯಾರ ನಡುವೆ ಬದುಕಿದರು ಎಂಬುದನ್ನು. ಚಾಪೆಲ್ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿಯಾಗಿದ್ದರೆ, 1950ರ ಕಾಯಿದೆಯ ಪ್ರಕಾರ ಅದರ ಟ್ರಸ್ಟಿಗಳ ಮತ್ತು ಆಸ್ತಿಯ ವಿವರ ವರಳಿಯ ಚಾರಿಟಿ ಕಮಿಷನರ್ ಕಚೇರಿಯಲ್ಲಿರುತ್ತದೆ. ಈ ಚಾಪೆಲ್‌ಗಳ ಯಜಮಾನರು ಹೆಚ್ಚಾಗಿ ಇಲ್ಲಿನ ಮೂಲನಿವಾಸಿಗಳಾದ ಈಸ್ಟ್ ಇಂಡಿಯನ್ ಸಮುದಾಯದವರು. ಅವರ ಗಾವಠಾಣ್‌ಗಳ (ಹಳೆಯ ಊರಿನ ವಸತಿನೆಲೆಗಳ) ಜಾಗದ ಮೇಲೆ ಕಟ್ಟಡದವರ ಕಣ್ಣು ಬಿದ್ದು ಎಷ್ಟೋ ಕಾಲವಾಗಿದೆ. ಹಳೆಯ ಕಾಗದ ಕೇಳಿಕೊಂಡು ಬರುವ ಅಪರಿಚಿತನನ್ನು ಅವರು ಅನುಮಾನದಿಂದ ನೋಡುವುದು ಸಹಜ. ಮೊದಲ ಭೇಟಿಯಲ್ಲಿಯೇ ಮೊಬೈಲ್ ತೆಗೆದು ಚಿತ್ರ ಹಿಡಿಯಲು ಹೋಗಬೇಡಿರಿ. ಹಬ್ಬದ ದಿನ ಹೋಗಿ, ಅಜ್ಜನ ಫೋಟೋ ತೋರಿಸಿ, ಹಿರಿಯರೊಡನೆ ಕುಳಿತು ಮಾತನಾಡಿರಿ.

ಗೋವಾದ ಮಾತು ಕೊನೆಗೆ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರಷ್ಟು ಹಳೆಯದು, 2012ರಿಂದ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವೂ ಹೌದು. ಆದರೆ 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಬಹುತೇಕ ಇಗರ್ಜಿಗಳು ನೆಲಸಮವಾದವು. ಉಳಿದವರು ಹಿಂತಿರುಗಿದ್ದು 1799ರ ನಂತರ. ಆದುದರಿಂದ ದಕ್ಷಿಣ ಕನ್ನಡದ ಬಹುತೇಕ ಕುಟುಂಬಗಳ ಲಿಖಿತ ಸರಪಳಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಿಂತುಹೋಗುತ್ತದೆ. ಅದಕ್ಕಿಂತ ಹಿಂದೆ ಗೋವಾದ ಇಂಥದೇ ಹಳ್ಳಿಯ ಇಂಥದೇ ಮನೆ ಎಂದು ಹೇಳುವ ವಂಶವೃಕ್ಷವನ್ನು ಹಣಕ್ಕೆ ಮಾಡಿಕೊಡುವವರಿದ್ದಾರೆ, ಅವರನ್ನು ನಂಬಬೇಡಿರಿ. ಮನೆಯಲ್ಲಿ ಹಳ್ಳಿಯ ಹೆಸರು ಬಾಯಿಂದ ಬಾಯಿಗೆ ಬಂದಿದ್ದರೆ ಮಾತ್ರ ಪಣಜಿಯ ಪುರಾಭಿಲೇಖಾಗಾರದಲ್ಲಿ ಹುಡುಕುವುದರಲ್ಲಿ ಅರ್ಥವಿದೆ. ಇನ್ನೊಂದು ಸೂಚನೆ: ಕಲ್ಯಾಣಪುರದಲ್ಲಿ ಒಂದು ಕವಲು ಇದ್ದಕ್ಕಿದ್ದಂತೆ 1880ರ ದಶಕದ ಕೊನೆಯಲ್ಲಿ ಮಾಯವಾದರೆ ಬ್ರಹ್ಮಾವರದ ಆರ್ಥಡಾಕ್ಸ್ ಇಗರ್ಜಿಯಲ್ಲಿ ವಿಚಾರಿಸಿರಿ. ನಾನು ಮೇಲೆ ಹೇಳಿದ ಅದೇ ಅಧಿಕಾರಕಲಹದ ದೆಸೆಯಿಂದ ಅಲ್ಲಿನ ಕೆಲವು ಕುಟುಂಬಗಳು ಆಗ ರೋಮಿನಿಂದ ಬೇರೆಯಾದವು.

ಪ್ರಶ್ನೆ: ನಮ್ಮದು ಗದಗ-ಬೆಟಗೇರಿಯ ಪ್ರಾಟೆಸ್ಟಂಟ್ ಕುಟುಂಬ. ಮುತ್ತಜ್ಜ ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು. ಅವರು ಹೋಗುತ್ತಿದ್ದ ಸಣ್ಣ ಪ್ರಾರ್ಥನಾಮಂದಿರ ಈಗ ಉಳಿದಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎಲ್ಲವೂ ಇದೆಯೆಂದು ಮಿತ್ರರು ಹೇಳುತ್ತಾರೆ. ಅದು ನಿಜವೆ?
— ಓದುಗರೊಬ್ಬರು, ಪುಣೆ

ಉತ್ತರ: ಬಹುಪಾಲು ನಿಜವಲ್ಲ. ಮುಂಬಯಿ ಪ್ರಾಂತ್ಯದಿಂದ ಲಂಡನ್ನಿಗೆ ಹೋದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳಲ್ಲಿ ಇರುವವರು ಮುಖ್ಯವಾಗಿ ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು. ಭಾರತೀಯ ಕ್ರೈಸ್ತರ ಹೆಸರುಗಳು ಅಲ್ಲಲ್ಲಿ ಬರುತ್ತವೆಯಾದರೂ ನಿಮ್ಮ ಹುಡುಕಾಟವನ್ನು ಅಲ್ಲಿಂದ ಪ್ರಾರಂಭಿಸಬಾರದು.

ಕಟ್ಟಡ ಹೋದರೂ ಸಭೆ ಎಲ್ಲಿಯೋ ವಿಲೀನವಾಗಿರುತ್ತದೆ, ಪುಸ್ತಕಗಳು ಆ ಸಭೆಯ ಜೊತೆಗೆ ಹೋಗಿರುತ್ತವೆ. ಆ ಮಂದಿರ ಯಾವ ಮಿಷನ್ನಿಗೆ ಸೇರಿತ್ತೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. ಆಂಗ್ಲಿಕನ್, ಕಾಂಗ್ರಿಗೇಶನಲ್ ಮುಂತಾದ ಸಭೆಗಳದಾಗಿದ್ದರೆ 1970ರಲ್ಲಿ ಅವು ಉತ್ತರ ಭಾರತ ಸಭೆಯಲ್ಲಿ ಒಂದಾದುದರಿಂದ ಪುಣೆಯ ಆ ಸಭೆಯ ಕಚೇರಿಯಲ್ಲಿ ಕೇಳಬೇಕು. ಅಮೆರಿಕನ್ ಮಿಷನ್ ಮೂಲದ ಮೆಥೊಡಿಸ್ಟರು ಆ ಐಕ್ಯಕ್ಕೆ ಸೇರಲಿಲ್ಲ, ಅವರ ದಾಖಲೆಗಳು ಅವರಲ್ಲಿಯೇ ಇರುತ್ತವೆ. ಕಾರ್ಖಾನೆಯ ಸೇವಾಪುಸ್ತಕದ ನಕಲು ಅಥವಾ ಪಿಂಚಣಿಯ ಕಾಗದ ಮನೆಯಲ್ಲಿದ್ದರೆ ಅದನ್ನು ಎಚ್ಚರದಿಂದ ಓದಿರಿ. ಅಂಥ ಕಾಗದಗಳಲ್ಲಿ ಹುಟ್ಟೂರು, ತಂದೆಯ ಹೆಸರು, ವಯಸ್ಸು ಇರುತ್ತವೆ, ಇಗರ್ಜಿಯ ಪುಸ್ತಕದಲ್ಲಿ ಯಾವ ವರ್ಷದ ಸುತ್ತ ಹುಡುಕಬೇಕೆಂಬುದು ಅವುಗಳಿಂದ ನಿರ್ಧಾರವಾಗುತ್ತದೆ.

ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ್ದು 1841ರಲ್ಲಿ. ನಿಮ್ಮ ಮುತ್ತಜ್ಜನ ದೀಕ್ಷಾಸ್ನಾನ ಅಲ್ಲಿಯೇ ಆಗಿರುವುದಾದರೆ ಆ ಸಭೆಯ ಹಳೆಯ ಪುಸ್ತಕಗಳೇ ಮೊದಲ ಆಧಾರ. ಅದರ ನಂತರ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರ, ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರ. ಬಾಸೆಲ್‌ನ ಹಳೆಯ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ಊರಿನ ಹೆಸರಿನಿಂದ ಹುಡುಕಬಹುದು, ಬೆಟಗೇರಿ ಎಂಬುದರ ಕಾಗುಣಿತವನ್ನು ನಾನಾ ಬಗೆಯಲ್ಲಿ ಬದಲಿಸಿ ನೋಡಿರಿ. ಪತ್ರಗಳು ಮಾತ್ರ ಜರ್ಮನ್ ಭಾಷೆಯ ಹಳೆಯ ಕೂಡುಬರಹದಲ್ಲಿರುವುದರಿಂದ, ಇಂದಿನ ಜರ್ಮನ್ ಬಲ್ಲವರಿಗೂ ಅಭ್ಯಾಸವಿಲ್ಲದೆ ಓದಲಾಗದು. ಮೊದಲೇ ಹಣ ಕೊಟ್ಟು ನಕಲು ತರಿಸಿಕೊಳ್ಳುವುದಕ್ಕಿಂತ, ಆ ಲಿಪಿಯನ್ನು ಓದಬಲ್ಲವರನ್ನು ಬಲ್ಮಠದ ಪತ್ರಾಗಾರದವರ ಮೂಲಕ ವಿಚಾರಿಸಿಕೊಂಡು ಮುಂದುವರಿಯಿರಿ.